ಪದಚರ್ಚೆ: ‘ಕೇಬಲ್ ಕಾರ್’ ಅಂದರೆ ನೆಲದ್ದೋ, ತೂಗಾಡುವುದೋ?

ಗಂಗಾವತಿಯಿಂದ ಪ್ರಶ್ನೆ:

ನಮಸ್ಕಾರ್ರಿ. ಸ್ಯಾನ್ ಫ್ರಾನ್ಸಿಸ್ಕೊ ನೋಡಲು ಹೋಗುವವರಿಗಾಗಿ ಕನ್ನಡದಲ್ಲಿ ಕೈಪಿಡಿ ಸಿದ್ಧವಾಗುತ್ತಿದೆ. ಅಲ್ಲಿನ ‘ಕೇಬಲ್ ಕಾರ್’ ರಸ್ತೆಯ ಹಳಿ ಮೇಲೆ ಓಡುತ್ತದೆ. ನಮ್ಮ ಕಡೆ, ಅಂಜನಾದ್ರಿಗೆ 575 ಮೆಟ್ಟಿಲು ಹತ್ತುವ ಬದಲು ಕೇಬಲ್ ಕಾರ್ ಬೇಕು ಅನ್ನುವವರ ಮನಸ್ಸಿನಲ್ಲಿರುವುದು ಗಾಳಿಯಲ್ಲಿ ತೂಗುವ ಪೆಟ್ಟಿಗೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಓದುಗರು ದಾರಿ ತಪ್ಪುವುದಿಲ್ಲವೇ? ‘ತಂತಿ ಬಂಡಿ’ ಆಗಬಹುದೇ? ಅದನ್ನು ನಡೆಸುವವನಿಗೆ ‘ಚಾಲಕ’ ಅನ್ನಬಹುದೇ?

ಬಳ್ಳಾರಿಯಿಂದ ಉತ್ತರ:

‘ತಂತಿ’ ಬೇಡ. ತಂತಿ ಅಂದ ಕೂಡಲೇ ಕರೆಂಟು ನೆನಪಾಗುತ್ತದೆ, ಓದುಗರು ಮೇಲೆ ವೈರ್ ಇರುವ ಟ್ರಾಮ್ ಅಂದುಕೊಳ್ಳುತ್ತಾರೆ. ಇಲ್ಲಿರುವುದು ಉಕ್ಕಿನ ಹಗ್ಗ: ಆರು ಎಳೆ ಹೊಸೆದದ್ದು, ಸುಮಾರು 32 ಮಿ.ಮೀ. ದಪ್ಪ. ರಸ್ತೆಯ ಸೀಳಿನ ಕೆಳಗೆ ಗಂಟೆಗೆ ಸುಮಾರು 15 ಕಿ.ಮೀ. ವೇಗದಲ್ಲಿ ಅದು ಸದಾ ಓಡುತ್ತಿರುತ್ತದೆ. ಎಳೆಯುವ ಮೋಟಾರು ವಾಷಿಂಗ್ಟನ್–ಮೇಸನ್ ರಸ್ತೆಗಳು ಕೂಡುವಲ್ಲಿನ ಯಂತ್ರಶಾಲೆಯಲ್ಲಿದೆ. ಅಲ್ಲೇ ಮ್ಯೂಸಿಯಂ ಇದೆ, ಟಿಕೆಟ್ ಇಲ್ಲ. ಬಂಡಿಗೆ ಸ್ವಂತ ಎಂಜಿನ್ನೇ ಇಲ್ಲ. 1873ರಲ್ಲಿ ಕ್ಲೇ ಸ್ಟ್ರೀಟ್‌ನಲ್ಲಿ ಆಂಡ್ರ್ಯೂ ಹ್ಯಾಲಿಡಿ ಶುರು ಮಾಡಿದ ಪದ್ಧತಿ ಇದು.

ಹಾಗಾಗಿ ಸರಿಯಾದ ಕ್ರಿಯಾಪದ ‘ಕಚ್ಚು’ ಮತ್ತು ‘ಬಿಡು’. ಬಂಡಿಯ ಅಡಿಗಿರುವ ಗ್ರಿಪ್ ಒಂದು ದೊಡ್ಡ ಇಕ್ಕಳ. ಸನ್ನೆಕೋಲು ಎಳೆದರೆ ಅದು ಹಗ್ಗ ಕಚ್ಚುತ್ತದೆ, ಬಂಡಿ ಹೊರಡುತ್ತದೆ. ನಿಲ್ಲಿಸಲು ಹಗ್ಗ ಬಿಟ್ಟು ಬ್ರೇಕ್ ಹಾಕಬೇಕು. ಅರ್ಧ ಕಚ್ಚಿಸಿದರೆ ಹಗ್ಗ ಜಾರುತ್ತದೆ, ಇಕ್ಕಳದ ತುಟಿ ಸವೆಯುತ್ತದೆ. ಎರಡು ಮಾರ್ಗಗಳು ಅಡ್ಡ ಹಾಯುವಲ್ಲಿ ಕೆಳಗಿನ ಹಗ್ಗ ಹಿಡಿದ ಬಂಡಿ ಅದನ್ನು ಬಿಡಲೇಬೇಕು, ಇಲ್ಲವಾದರೆ ಇಕ್ಕಳ ಮೇಲಿನ ಹಗ್ಗಕ್ಕೆ ಬಡಿಯುತ್ತದೆ. ಇನ್ನೂ ಅಪಾಯದ್ದು, ಬಿಚ್ಚಿಕೊಂಡ ಎಳೆ ಇಕ್ಕಳಕ್ಕೆ ಸಿಕ್ಕಿಕೊಳ್ಳುವುದು: ಆಗ ಬಿಡಬೇಕೆಂದರೂ ಬಂಡಿ ಹಗ್ಗ ಬಿಡುವುದಿಲ್ಲ, ಯಂತ್ರಶಾಲೆಯಲ್ಲಿ ಹಗ್ಗವನ್ನೇ ನಿಲ್ಲಿಸಬೇಕು. ಇಷ್ಟೆಲ್ಲ ಕೈಚಳಕದ ಕೆಲಸಕ್ಕೆ ‘ಚಾಲಕ’ ಸಾಲದು. ‘ಗ್ರಿಪ್‌ಮನ್’ ಎಂದೇ ಇಟ್ಟು ಒಮ್ಮೆ ವಿವರಿಸಿ. ಕಂಡಕ್ಟರ್ ಕಂಡಕ್ಟರೇ.

ಹೆಸರನ್ನು ಮಾತ್ರ ‘ಕೇಬಲ್ ಕಾರ್’ ಎಂದೇ ಉಳಿಸಿ. ಅಲ್ಲಿನ ಬೋರ್ಡಿನಲ್ಲಿ, ಟಿಕೆಟ್ಟಿನಲ್ಲಿ ಅದೇ ಇರುತ್ತದೆ. ಹೊಸ ಪದ ಕಲಿತು ಹೋದವರು ಅಲ್ಲಿ ಯಾರನ್ನೂ ಕೇಳಲಾರರು. ತೂಗುವುದಕ್ಕೆ ‘ರೋಪ್‌ವೇ’ ಜನರ ಬಾಯಲ್ಲೇ ಇದೆ. ಅದರ ಪೆಟ್ಟಿಗೆಗೆ ‘ತೊಟ್ಟಿಲು’ ನನಗೆ ಇಷ್ಟ, ಜಾತ್ರೆಯಲ್ಲಿ ತಿರುಗುವುದಕ್ಕೂ ಹಾಗೇ ಅನ್ನುತ್ತೇವೆ.

ಹಟ್ಟಿಯಿಂದ ಸೇರಿಸಿದ್ದು:

ಬಳ್ಳಾರಿಯವರ ಮಾತಿಗೆ ಒಂದು ತಿದ್ದುಪಡಿ. ಕಚ್ಚಿ ಬಿಡುವುದು ನೆಲದ ಬಂಡಿಗಷ್ಟೇ ಸೇರಿದ್ದಲ್ಲ. ಗುಜರಾತಿನಲ್ಲಿ 2020ರಲ್ಲಿ ಶುರುವಾದ ಗಿರನಾರ್ ಬೆಟ್ಟದ ರೋಪ್‌ವೇ ಥರದವುಗಳಲ್ಲೂ ನಿಲ್ದಾಣ ಬಂದಾಗ ತೊಟ್ಟಿಲ ಹಿಡಿತ ತಾನೇ ಬಿಚ್ಚುತ್ತದೆ, ತೊಟ್ಟಿಲು ನಿಧಾನವಾಗುತ್ತದೆ, ಹಗ್ಗ ಓಡುತ್ತಲೇ ಇರುತ್ತದೆ. ಇಲ್ಲಿನ ಚಿನ್ನದ ಗಣಿಯ ಶಾಫ್ಟಿನಲ್ಲಿ ಹಾಗಲ್ಲ: ಜನರನ್ನು ಇಳಿಸಿ ಹತ್ತಿಸುವ ಕೇಜ್ ಹಗ್ಗಕ್ಕೆ ಕಾಯಮ್ಮಾಗಿ ಕಟ್ಟಿರುತ್ತದೆ, ಹಗ್ಗ ಸುತ್ತುವ ಯಂತ್ರದ (ವೈಂಡರ್‌ನ) ಡ್ರಮ್ ನಿಂತರೆ ಎಲ್ಲವೂ ನಿಲ್ಲುತ್ತದೆ. ಆದ್ದರಿಂದ ನೆಲದ ಬಂಡಿ, ತೂಗುವ ತೊಟ್ಟಿಲು ಎರಡನ್ನೂ ಬೇರೆ ಮಾಡಿ ತೋರಿಸಲು ‘ಹಗ್ಗ ಎಲ್ಲಿದೆ’ ಅನ್ನುವುದನ್ನೇ ಹಿಡಿಯಿರಿ. ಕಾಲಡಿಗೆ ಇದ್ದರೆ ಕೇಬಲ್ ಕಾರ್, ತಲೆಯ ಮೇಲಿದ್ದರೆ ರೋಪ್‌ವೇ.

ಬಳ್ಳಾರಿಯಿಂದ ಮತ್ತೆ:

ಒಪ್ಪಿದೆ. ಕೈಪಿಡಿಗೆ ಬೇಕಾಗುವ ಇನ್ನೆರಡು ಮಾತು. ಹೊರಗೆ ನಿಲ್ಲುವ ಹಲಗೆಗೆ ಬಸ್ಸಿನ ‘ಫುಟ್‌ಬೋರ್ಡ್’ ಸಾಕು, ಆದರೆ ಅಲ್ಲಿ ಫುಟ್‌ಬೋರ್ಡ್ ಮೇಲೆ ನಿಲ್ಲಲು ಅನುಮತಿ ಉಂಟು ಎಂದು ಬರೆಯಿರಿ, ನಮ್ಮವರು ಬೈಸಿಕೊಳ್ಳುತ್ತೇವೆಂದು ಹಿಂಜರಿಯುತ್ತಾರೆ. ತಿರುವಿನಲ್ಲಿ ‘ಕಂಬ ಗಟ್ಟಿಯಾಗಿ ಹಿಡಿಯಿರಿ’ ಎಂಬ ಸಾಲು ಬಿಡಬೇಡಿ. ಇಳಿಜಾರಿನಲ್ಲಿ ಸುಟ್ಟ ಕಟ್ಟಿಗೆಯ ವಾಸನೆ ಬಂದರೆ ಹೆದರಬೇಕಿಲ್ಲ: ಹಳಿಗೆ ಒತ್ತುವ ಒಂದು ಬ್ರೇಕು ಮರದ ತುಂಡಿನದು, ಉಜ್ಜಿ ಕಾಯುತ್ತದೆ, ಬೇಗ ಸವೆಯುತ್ತದೆ, ಆಗಾಗ ಬದಲಿಸುತ್ತಾರೆ. ಪೊವೆಲ್ ಸ್ಟ್ರೀಟಿನ ಬಂಡಿಗಳಿಗೆ ಮುಖ ಒಂದೇ ಕಡೆ; ಕೊನೆ ನಿಲ್ದಾಣದಲ್ಲಿ ಅವನ್ನು ಕೈಯಿಂದ ದೂಡಿ ತಿರುಗಿಸುವ ಕಟ್ಟೆಗೆ ‘ತಿರುಗುಕಟ್ಟೆ’ ಅನ್ನಿ. ಕ್ಯಾಲಿಫೋರ್ನಿಯಾ ಸ್ಟ್ರೀಟಿನವು ಎರಡು ಮುಖದವು, ಅಲ್ಲಿ ತಿರುಗುಕಟ್ಟೆ ಇಲ್ಲ. ಪೊವೆಲ್ ಕಡೆ ಸಾಲು ಉದ್ದ ಇದ್ದರೆ ಕ್ಯಾಲಿಫೋರ್ನಿಯಾ ಸ್ಟ್ರೀಟಿಗೆ ಹೋಗಿ ಹತ್ತಲಿ.