ಅಪ್‌ಡೇಟ್: ಮಳೆ ಲೆಕ್ಕದ ಗೊಂದಲ ಬಗೆಹರಿಯಿತು

ಹೋದ ವಾರ ಕೇಳಿದ್ದೆನಲ್ಲ, ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದಲ್ಲಿ ಅಜ್ಜ ಬರೆದಿಟ್ಟ 42 ವರ್ಷದ ಮಳೆ ಲೆಕ್ಕದ ಬಗ್ಗೆ. ಪ್ರತಿ ವರ್ಷದ ಅತಿ ಜೋರು ಮಳೆಯ ದಿನವನ್ನು ತೆಗೆದುಕೊಂಡು ಜಿಇವಿ ಹಂಚಿಕೆ (ಅತಿ ದೊಡ್ಡ ಮಳೆಗಳು ಎಷ್ಟು ಅಪರೂಪ ಎಂದು ಅಂದಾಜಿಸುವ ಸಂಖ್ಯಾಶಾಸ್ತ್ರದ ಸೂತ್ರ) ಹೊಂದಿಸಿದ್ದೆ. ನೂರು ವರ್ಷಕ್ಕೊಮ್ಮೆ ಬರಬೇಕಾದ ಮಳೆ ಅಂತ ಬಂದ ಅಂಕಿಯನ್ನು ಅಜ್ಜನ ಪುಸ್ತಕದಲ್ಲೇ ಎರಡು ಸಲ ಮಳೆ ದಾಟಿತ್ತು! ಎಲ್ಲಿ ತಪ್ಪಿದೆ ಅಂತ ಕೇಳಿದ್ದೆ.

ತಪ್ಪು ಸಿಕ್ಕಿತು. ಪ್ಲಸ್-ಮೈನಸ್ ಚಿಹ್ನೆ ನೋಡಿ ಎಂದು ಉತ್ತರ ಕೊಟ್ಟವರ ಮಾತೇ ಸರಿ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಸೈಪೈ ಎಂಬ ಲೆಕ್ಕದ ಕೋಡ್ ಸಂಗ್ರಹವು ಆಕಾರದ ಅಂಕಿಯನ್ನು (ಅತಿ ದೊಡ್ಡ ಮಳೆಗಳ ಕಡೆಗೆ ಹಂಚಿಕೆಯ ಬಾಲ ಎಷ್ಟು ಚಾಚಿದೆ ಎಂದು ಹೇಳುವ ಅಂಕಿ) ಪಠ್ಯಪುಸ್ತಕಗಳಿಗೆ ಉಲ್ಟಾ ಚಿಹ್ನೆಯಲ್ಲಿ ಕೊಡುತ್ತದೆ. ನನಗೆ ಬಂದದ್ದು -0.12. ಅದನ್ನು ಹಾಗೇ ಸೂತ್ರಕ್ಕೆ ಹಾಕಿದ್ದೆ. ಹಾಗಾಗಿ ಮಳೆಗೆ ಒಂದು ಮೇಲ್ಮಿತಿ ಇದೆ ಅನ್ನುವ ಲೆಕ್ಕ ಬಂತು, ನೂರು ವರ್ಷದ ಅಂಕಿಯೂ ತೀರಾ ಕಡಿಮೆಯಾಯಿತು. ಅದೇ ಡೇಟಾ ಆರ್ ಎಂಬ ಇನ್ನೊಂದು ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ +0.12 ಕೊಟ್ಟಿತು.

ಅತಿ ದೊಡ್ಡ ಮಳೆಯ ವರ್ಷವನ್ನು ತೆಗೆದುಬಿಡಿ ಅನ್ನುವ ಸಲಹೆ ಬೇಡವಾಗಿತ್ತು. ನಮಗೆ ಬೇಕಿರುವುದೇ ಆ ಮಳೆ, ಅಲ್ವಾ? ತಿಂಗಳ ಗರಿಷ್ಠ ಬಳಸುವುದೂ ಆಗಲಿಲ್ಲ. ಜನವರಿ, ಜುಲೈ ಎರಡನ್ನೂ ಒಂದೇ ಹಂಚಿಕೆಗೆ ಸೇರಿಸಲು ಮಲೆನಾಡಿನಲ್ಲಿ ಸಾಧ್ಯವೇ ಇಲ್ಲ.

ಒಂದು ಎಚ್ಚರ: ಈ ಆಕಾರದ ಅಂಕಿಯ ವಿಶ್ವಾಸಾಂತರದೊಳಗೆ (ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿಯೊಳಗೆ) ಸೊನ್ನೆಯೂ ಇದೆ. ಅಂದರೆ ಆಕಾರದ ಅಂಕಿ ಸೊನ್ನೆಯಾದಾಗ ಸಿಗುವ ಸರಳವಾದ ಗಂಬೆಲ್ ಹಂಚಿಕೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. 42 ವರ್ಷ ಇದಕ್ಕೆ ಸಾಲದು. ಥೀಸಿಸ್‌ನಲ್ಲಿ ಎರಡನ್ನೂ ಕೊಡುತ್ತೇನೆ.

ಹುಡುಕುವಾಗ ಗೊತ್ತಾದದ್ದು: ಸಂಖ್ಯಾಶಾಸ್ತ್ರಜ್ಞರಾದ ಫಿಶರ್ ಮತ್ತು ಟಿಪ್ಪೆಟ್ 1928ರಲ್ಲಿ ಗರಿಷ್ಠಗಳ ಹಂಚಿಕೆಯಲ್ಲಿ ಮೂರು ಬಗೆ ತೋರಿಸಿದ್ದರು. ಅವನ್ನು ಒಂದೇ ಸೂತ್ರದಲ್ಲಿ (ಅದೇ ಜಿಇವಿ) ತಂದು 1955ರಲ್ಲಿ ಹವಾಮಾನದ ಲೆಕ್ಕಕ್ಕೆ ಬಳಸಿದವರು ಜೆಂಕಿನ್ಸನ್. ಅವರೂ ನಮ್ಮ ಹಾಗೆ ವರ್ಷದ ಗರಿಷ್ಠಗಳನ್ನೇ ಹಿಡಿದು ಹೊರಟವರು ಎಂದು ತಿಳಿದು ತುಂಬಾ ಖುಷಿಯಾಯಿತು. ಸಹಾಯ ಮಾಡಿದ ಎಲ್ಲರಿಗೂ ಧನ್ಯವಾದ.