ಅಪ್‌ಡೇಟ್: ನಮ್ಮ ಸೇವಂತಿಗೆ ಮೊಗ್ಗು ಬಿಟ್ಟಿದೆ

ರಾಯಚೂರಿನ ನಮ್ಮ ಮನೆಯ ಸೇವಂತಿಗೆ ಸೊಂಪಾಗಿ ಬೆಳೆದಿದ್ದರೂ ಕಳೆದ ವರ್ಷ ದೀಪಾವಳಿ ಮುಗಿದ ಮೇಲೂ ಒಂದು ಮೊಗ್ಗನ್ನೂ ಬಿಡಲಿಲ್ಲವೇಕೆ ಎಂದು ಸೆಪ್ಟೆಂಬರ್ ಮೊದಲ ವಾರದಲ್ಲಿ ಕೇಳಿದ್ದೆ. ಗೊಬ್ಬರದ ವಿಚಾರವನ್ನು ಹಲವರು ಹೇಳಿದರು. ಒಬ್ಬರು ಮಾತ್ರ, ರಾತ್ರಿ ಗಿಡದ ಮೇಲೆ ದೀಪದ ಬೆಳಕು ಬೀಳುತ್ತದೆಯೇ ಎಂದು ವಿಚಾರಿಸಿದರು. ಬೀಳುತ್ತಿತ್ತು. ಬಾಗಿಲ ಮೇಲಿನ ದೀಪವನ್ನು ನಾವು ಬೆಳಗಿನವರೆಗೂ ಆರಿಸುತ್ತಿರಲಿಲ್ಲ.

ಸೇವಂತಿಗೆಯು ಹಗಲು ಕುಗ್ಗಿ ರಾತ್ರಿ ದೀರ್ಘವಾದಾಗ ಮೊಗ್ಗು ಕಟ್ಟುವ ಗಿಡವಾಗಿದ್ದು, ಆ ಕತ್ತಲೆಯ ನಡುವೆ ಬೆಳಕು ಬಿದ್ದರೆ ಅದು ಹೂವಿನ ಬದಲು ಎಲೆಯನ್ನೇ ಬೆಳೆಸುತ್ತಾ ಹೋಗುತ್ತದೆ. ಆದ್ದರಿಂದ ಐದು ಕುಂಡಗಳನ್ನು ಹಿತ್ತಲಿನ ಕತ್ತಲೆಗೆ ಸಾಗಿಸಿ, ಹೋಲಿಸಿ ನೋಡಲೆಂದು ಒಂದನ್ನು ಮಾತ್ರ ದೀಪದಡಿಯಲ್ಲೇ ಉಳಿಸಿದೆ. ಹಗಲಿನ ಬಿಸಿಲು ಎರಡೂ ಕಡೆ ಚೆನ್ನಾಗಿಯೇ ಇದೆ. ನಾಲ್ಕು ವಾರಗಳಲ್ಲಿ ಹಿತ್ತಲಿನ ಐದೂ ಗಿಡಗಳ ಕುಡಿಗಳಲ್ಲಿ ಮೆಣಸಿನ ಕಾಳಿನಷ್ಟು ಮೊಗ್ಗು ಮೂಡಿದವು; ದೀಪದಡಿಯದು ಇಂದಿಗೂ ಬರೀ ಹಸಿರಾಗಿದೆ. ಮೊಗ್ಗುಗಳನ್ನು ಮೊದಲು ಕಂಡ ಬೆಳಿಗ್ಗೆ ನನಗಾದ ಸಂತೋಷವನ್ನು ಬರೆದು ತಿಳಿಸುವುದು ಕಷ್ಟ.

ಇನ್ನೊಂದು ಮಾತು. ನಮ್ಮ ಎರೆಮಣ್ಣು ನೀರನ್ನು ಬೇಗ ಬಿಡುವುದಿಲ್ಲವಾದ್ದರಿಂದ, ಹಿಂಗಾರು ಮಳೆ ಹಿಡಿದ ದಿನಗಳಲ್ಲಿ ಒಂದು ಗಿಡದ ಕೆಳಗಿನ ಎಲೆಗಳು ಹಳದಿಯಾದವು. ಕುಂಡದ ತಳದ ರಂಧ್ರವನ್ನು ಬಿಡಿಸಿ, ಮಣ್ಣಿಗೆ ಮರಳನ್ನೂ ಹಳೆಯ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿದ ಮೇಲೆ ಅದು ಚೇತರಿಸಿಕೊಂಡಿತು. ಮೊಗ್ಗು ಬಂದ ಮೇಲೆ ಕುಡಿ ಚಿವುಟುವುದನ್ನು ಸಂಪೂರ್ಣವಾಗಿ ನಿಲ್ಲಿಸಿದ್ದೇನೆ. ದೀಪದ ಬಗ್ಗೆ ವಿಚಾರಿಸಿದ ಆ ಹಿರಿಯರಿಗೆ ಹೃತ್ಪೂರ್ವಕ ವಂದನೆಗಳು.