ಮೆಥೋಟ್ರೆಕ್ಸೇಟ್: 4 ವಾರವಾದ್ರೂ ಬೆರಳಿನ ಬಿಗಿತ ಹೋಗಿಲ್ಲ

ಪ್ರಶ್ನೆ: ಅಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳ ಉರಿಯೂತ). ಪ್ರತಿ ಸೋಮವಾರ ಮೆಥೋಟ್ರೆಕ್ಸೇಟ್ 15 ಮಿ.ಗ್ರಾಂ. ಬೆಳಿಗ್ಗೆ ಕಾಫಿ ಲೋಟ ಹಿಡಿಯೋಕಾಗಲ್ಲ, ಮಂಗಳವಾರ ವಾಕರಿಕೆ ಬೇರೆ. ಮಾತ್ರೆ ಬದಲಿಸಬೇಕಾ?

ಉತ್ತರ 1: ಈಗಲೇ ಬೇಡ. ಇದು ನೋವಿನ ಮಾತ್ರೆಯಲ್ಲ, ಗುಣ ಕಾಣೋಕೆ 6ರಿಂದ 12 ವಾರ ಬೇಕು. ಅಲ್ಲಿವರೆಗೆ ಕಡಿಮೆ ಡೋಸಿನ ಸ್ಟೀರಾಯ್ಡ್ ಬೇಕಾ ಅಂತ ರುಮಟಾಲಜಿಸ್ಟನ್ನ (ಕೀಲುರೋಗದ ಡಾಕ್ಟರನ್ನ) ಕೇಳಿ. ವಾಕರಿಕೆಗೆ ರಾತ್ರಿ ಊಟದ ಮೇಲೆ ಕೊಡಿ. ಇದರ ಅಡ್ಡಪರಿಣಾಮ ತಗ್ಗಿಸೋ ವಿಟಮಿನ್ ಮಾತ್ರೆ ಫೋಲಿಕ್ ಆಸಿಡ್ ಬೇರೆ ದಿನ. ಆದ್ರೂ ನಿಲ್ಲದಿದ್ರೆ ಚರ್ಮದಡಿ ಕೊಡೋ ಇಂಜೆಕ್ಷನ್ ಇದೆ.

ಉತ್ತರ 2: ವಾರದ ಮಾತ್ರೆ ಅಪ್ಪಿತಪ್ಪಿ ದಿನಾ ನುಂಗಿದ್ರೆ ರಕ್ತಕಣ ಕುಸಿದು ಜೀವಕ್ಕೇ ಅಪಾಯ. ಮೆಥೋಟ್ರೆಕ್ಸೇಟ್, ಫೋಲಿಕ್ ಆಸಿಡ್ ಎರಡೂ ಎಷ್ಟೋ ಸಲ ಹಳದಿ ಮಾತ್ರೆಗಳೇ. ಮೆಥೋಟ್ರೆಕ್ಸೇಟ್ ಸ್ಟ್ರಿಪ್ ಮೇಲೆ ಮಾರ್ಕರಲ್ಲಿ ‘ಸೋಮ’ ಅಂತ ಬರೆದಿಡಿ. ಬಾಯಿಹುಣ್ಣು, ಜ್ವರ, ಒಣಕೆಮ್ಮು ಬಂದ್ರೆ ಮುಂದಿನ ಡೋಸಿಗೆ ಮೊದಲೇ ಡಾಕ್ಟರಿಗೆ ತೋರಿಸಿ.

ಉತ್ತರ 3: ಸಿಬಿಸಿ (ರಕ್ತಕಣ), ಎಲ್‌ಎಫ್‌ಟಿ (ಲಿವರ್), ಕ್ರಿಯಾಟಿನಿನ್ (ಕಿಡ್ನಿ) ರಕ್ತಪರೀಕ್ಷೆ ತಪ್ಪಿಸಬೇಡಿ. ಕೋ-ಟ್ರೈಮಾಕ್ಸಜೋಲ್ ಅನ್ನೋ ಆ್ಯಂಟಿಬಯೋಟಿಕ್ ಮೆಥೋಟ್ರೆಕ್ಸೇಟ್ ಜತೆಗೆ ಬೇಡವೇ ಬೇಡ.